ಕೆರೆ ಕಟ್ಟಿದವರಿಗೆ ಶಾಲು, ಕೆರೆಗೆ ಏನು?

ನವೆಂಬರ್ ಹೊಸ್ತಿಲಲ್ಲಿ ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿ ಮತ್ತು ಗಣರಾಜ್ಯೋತ್ಸವದ ಮುನ್ನಾದಿನ ಪದ್ಮ ಪ್ರಶಸ್ತಿಯ ಪಟ್ಟಿ ಹೊರಬಿದ್ದಾಗ, ಸಿನಿಮಾ, ಸಾಹಿತ್ಯ, ವೈದ್ಯಕೀಯ ರಂಗಗಳ ಪರಿಚಿತ ಹೆಸರುಗಳ ನಡುವೆ ನೀರಿನ ಕೆಲಸ ಮಾಡಿದ ಒಬ್ಬಿಬ್ಬರು ಹಳ್ಳಿಗರ ಹೆಸರೂ ಕಾಣಿಸಿಕೊಳ್ಳುವುದು ಈಚೆಗೆ ವಾಡಿಕೆಯಾಗಿದೆ. ಜಾರ್ಖಂಡಿನ ಸೈಮನ್ ಓರಾಂವ್ (2016), ಒಡಿಶಾದ ದೈತಾರಿ ನಾಯಕ್ (2019), ಮಹಾರಾಷ್ಟ್ರದ ಪೋಪಟರಾವ್ ಪವಾರ್ (2020), ನಮ್ಮ ದಕ್ಷಿಣ ಕನ್ನಡದ ಅಮೈ ಮಹಾಲಿಂಗ ನಾಯ್ಕ (2022), ರಾಜಸ್ಥಾನದ ಲಾಪೋಡಿಯಾದ ಲಕ್ಷ್ಮಣ ಸಿಂಗ್ ಮತ್ತು ಉತ್ತರ ಪ್ರದೇಶದ ಉಮಾಶಂಕರ ಪಾಂಡೆ (2023) ಪದ್ಮಶ್ರೀ ಪಡೆದವರು. ಶಿಫಾರಸು ಮಾಡುವವರಿಲ್ಲದ, ಅನೇಕರಲ್ಲಿ ಶಾಲೆಯ ಮೆಟ್ಟಿಲನ್ನೂ ಸರಿಯಾಗಿ ಹತ್ತದ ಇಂಥವರು ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ನಡೆಯುವುದನ್ನು ನೋಡಿ ಸಂತೋಷಪಡದವರು ವಿರಳ. ನನ್ನ ತಕರಾರು ಇರುವುದು ಸನ್ಮಾನದ ಬಗ್ಗೆ ಅಲ್ಲ, ಅದು ನಿಂತುಬಿಡುವ ಜಾಗದ ಬಗ್ಗೆ. ಇಂದಿನ ಗೌರವ ವ್ಯಕ್ತಿಯನ್ನು ಮುಟ್ಟಿ ಅಲ್ಲಿಗೇ ಮುಗಿಯುತ್ತದೆ. ಆ ವ್ಯಕ್ತಿ ಜೀವ ತೇಯ್ದ ಕೆರೆಗಾಗಲಿ, ಕಟ್ಟೆಗಾಗಲಿ, ಅವುಗಳ ನೀರನ್ನು ಹಂಚಿಕೊಳ್ಳುವ ಊರಿಗಾಗಲಿ ಅದರಿಂದ ಏನೂ ದಕ್ಕುವುದಿಲ್ಲ. ನಮ್ಮದೇ ಹಳೆಯ ಪದ್ಧತಿ ಹೀಗಿರಲಿಲ್ಲ ಎಂಬುದು ಈ ಮಾತನ್ನು ಇನ್ನಷ್ಟು ಗಂಭೀರವಾಗಿಸುತ್ತದೆ.

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರನ್ನೇ ತೆಗೆದುಕೊಳ್ಳಿ. ಕುರಿ ಮೇಯಿಸಿಕೊಂಡಿದ್ದ ಅವರು, ಬೇಸಿಗೆಯಲ್ಲಿ ಕುಂದಿನಿಬೆಟ್ಟದ ಮೇಲೆ ಪ್ರಾಣಿ ಪಕ್ಷಿಗಳಿಗೆ ಗುಟುಕು ನೀರೂ ಸಿಗದಿರುವುದನ್ನು ಕಂಡು, ಕುರಿ ಮಾರಿದ ಹಣದಲ್ಲಿ ಹಾರೆ, ಗುದ್ದಲಿ ಕೊಂಡು ಕಟ್ಟೆ ತೋಡಲು ಶುರುಮಾಡಿದರು. ಊರಿನವರು ಅವರನ್ನು ಹುಚ್ಚನೆಂದು ಆಡಿಕೊಂಡ ಕಾಲವೂ ಇತ್ತು. 2020ರ ಜೂನ್ 28ರಂದು ಪ್ರಧಾನಿ ತಮ್ಮ ‘ಮನದ ಮಾತು’ ಬಾನುಲಿ ಭಾಷಣದಲ್ಲಿ ಅವರು 16 ಕಟ್ಟೆಗಳನ್ನು ತೋಡಿದ್ದನ್ನು ಹೇಳಿದ ಮೇಲೆ ಅವರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಮುಂದಿನ ತಿಂಗಳೇ ರಾಜ್ಯ ರಸ್ತೆ ಸಾರಿಗೆ ನಿಗಮ ಅವರಿಗೆ ಆಜೀವ ಉಚಿತ ಬಸ್ ಪಾಸ್ ಕೊಟ್ಟಿತು. ಆಗಲೇ ಎಂಬತ್ತರ ಆಸುಪಾಸಿನಲ್ಲಿದ್ದ, ಬೆಟ್ಟ ಬಿಟ್ಟು ಹೆಚ್ಚು ದೂರ ಹೋಗದಿದ್ದ ಮನುಷ್ಯನಿಗೆ ಬಸ್ ಪಾಸ್! ಕೊಟ್ಟವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ತನ್ನ ಕೈಯಲ್ಲಿದ್ದದ್ದನ್ನು ನಿಗಮ ಕೊಟ್ಟಿತು. ಆದರೆ ಕಟ್ಟೆಗಳ ಹೂಳೆತ್ತುವುದು ಯಾರು, ಬೆಟ್ಟದ ಇಳಿಜಾರಿನಲ್ಲಿ ನೀರು ಹರಿದುಬರುವ ದಾರಿಯನ್ನು ಯಾರೂ ಒತ್ತರಿಸದಂತೆ ನೋಡಿಕೊಳ್ಳುವುದು ಯಾರು ಎಂಬುದನ್ನು ನಿಗದಿ ಮಾಡುವ ಅಧಿಕಾರವುಳ್ಳ ಇಲಾಖೆಗಳು ಕೊಡಬೇಕಾಗಿದ್ದ ಕೊಡುಗೆಯೇ ಬೇರೆಯಾಗಿತ್ತು. 2022ರ ಅಕ್ಟೋಬರಿನಲ್ಲಿ ಕಾಮೇಗೌಡರು ತೀರಿಕೊಂಡರು. ಒಬ್ಬ ಮನುಷ್ಯ ಸ್ವಂತ ಇಚ್ಛೆಯಿಂದ ಹೊತ್ತಿದ್ದ ಹೊಣೆಯನ್ನು ಅವನ ನಂತರ ಮತ್ತೊಬ್ಬರಿಗೆ ವಹಿಸಿಕೊಡುವ ಯಾವ ಏರ್ಪಾಡೂ ನಮ್ಮ ಪ್ರಶಸ್ತಿಗಳ ನಿಯಮಾವಳಿಯಲ್ಲಿ ಇಲ್ಲ.

ಹಿಂದೆ ಇಂಥ ಏರ್ಪಾಡು ಇತ್ತು ಎಂಬುದಕ್ಕೆ ಕನ್ನಡ ನಾಡಿನ ಶಾಸನಗಳೇ ಸಾಕ್ಷಿ. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಕಂಬದ ಮೇಲಿರುವ ಐದನೆಯ ಶತಮಾನದ ಪ್ರಸಿದ್ಧ ಸಂಸ್ಕೃತ ಶಾಸನ ಕದಂಬರ ವಂಶಾವಳಿಯನ್ನು ಹೇಳುತ್ತದಾದರೂ, ಅದನ್ನು ಬರೆಸಲು ನಿಮಿತ್ತವಾದದ್ದು ಕಾಕುಸ್ಥವರ್ಮ ಅಲ್ಲಿನ ಶಿವಾಲಯದ ಬಳಿ ಕಟ್ಟಿಸಿದ ಕೆರೆ. ವಿಜಯನಗರದ ಮೊದಲನೆಯ ಬುಕ್ಕನ ಮಗ ಭಾಸ್ಕರ ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನವಂತೂ ಒಂದು ಕೈಪಿಡಿಯಂತಿದೆ: ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳು, ಇರಬಾರದ ಆರು ದೋಷಗಳು, ಎರಡು ವರ್ಷ ಸಾವಿರ ಆಳು, ನೂರು ಬಂಡಿ ದುಡಿದ ಲೆಕ್ಕ, ಎಲ್ಲವನ್ನೂ ಅದು ದಾಖಲಿಸುತ್ತದೆ. ಆದರೆ ಇಂಥ ದೊಡ್ಡ ಶಾಸನಗಳಿಗಿಂತ, ಹಳ್ಳಿಯ ಕೆರೆ ಏರಿಯ ಮೇಲೋ ತೂಬಿನ ಪಕ್ಕದಲ್ಲೋ ನಿಂತಿರುವ ಸಣ್ಣ ಕಲ್ಲುಗಳು ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದವು. ಅವು ಕಟ್ಟುಗೊಡಗೆ, ಬಿತ್ತುವಟ್ಟ, ದಶವಂದ ಎಂಬ ಹೆಸರಿನ ದತ್ತಿಗಳನ್ನು ಹೇಳುತ್ತವೆ. ಕೆರೆ ಕಟ್ಟಿದವನಿಗೆ ಅಥವಾ ಒಡೆದ ಕೆರೆಯನ್ನು ದುರಸ್ತಿ ಮಾಡಿದವನಿಗೆ ಆ ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದು ಪಾಲು, ದಶವಂದವಾದರೆ ಹತ್ತನೆಯ ಒಂದು ಪಾಲು, ಅವನಿಗೂ ಅವನ ಮಕ್ಕಳಿಗೂ ಸಲ್ಲುತ್ತಿತ್ತು. ಕೆರೆಯ ನಿತ್ಯ ನಿರ್ವಹಣೆಗೆ ಬೇರೆ ಭೂಮಿ ಅಥವಾ ತೆರಿಗೆಯ ಭಾಗ ಮೀಸಲಾಗುತ್ತಿತ್ತು. ಹೂಳು ಸಾಗಿಸುವ ಬಂಡಿ, ಅದನ್ನೆಳೆಯುವ ಕೋಣಗಳು, ಬಂಡಿ ಹೊಡೆಯುವ ಆಳು, ಇವುಗಳ ಖರ್ಚಿಗೆಂದೇ ಗದ್ದೆ ಬಿಟ್ಟ ಶಾಸನಗಳಿವೆ. ಕೊನೆಗೆ ಶಾಪಾಶಯ: ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುವ ಗತಿ. ಒತ್ತುವರಿಗೆ ಇಂದಿನ ಕಾಯ್ದೆಗಳು ವಿಧಿಸುವ ದಂಡಕ್ಕಿಂತ ಅದು ಹೆಚ್ಚು ಹೆದರಿಸಿತ್ತೋ ಇಲ್ಲವೋ, ಆ ಮಾತು ಬೇರೆ.

ಈ ದತ್ತಿಯ ಒಳಗಿನ ಲೆಕ್ಕಾಚಾರ ಗಮನಿಸಬೇಕಾದ್ದು. ಸನ್ಮಾನಿತನಿಗೆ ಸಿಕ್ಕ ಗದ್ದೆ ಅದೇ ಕೆರೆಯ ಅಚ್ಚುಕಟ್ಟಿನಲ್ಲಿತ್ತು. ಕೆರೆ ತುಂಬಿದರೆ ಮಾತ್ರ ಆ ಗದ್ದೆಗೆ ಬೆಲೆ. ತೂಬು ಸೋರಿದರೆ, ಕೋಡಿ ಕುಸಿದರೆ ಮೊದಲು ಬಡವಾಗುವವನು ಸನ್ಮಾನ ಪಡೆದವನೇ. ಹೀಗಾಗಿ ಗೌರವವೇ ಮುಂದಿನ ತಲೆಮಾರಿನ ಕಾವಲಿನ ಏರ್ಪಾಡೂ ಆಗಿತ್ತು. ಅರಸರ ಉದಾರತೆಗಿಂತ ಇದರಲ್ಲಿ ವ್ಯವಹಾರಜ್ಞಾನ ಹೆಚ್ಚಿತ್ತು ಎಂದು ನನಗೆ ತೋರುತ್ತದೆ.

ಹಾಗೆಂದು ಆ ಕಾಲವನ್ನು ಹೊಗಳಿ ಕೂರುವುದೂ ಸಲ್ಲದು. ಕಲ್ಲಿನ ಮೇಲೆ ಹೆಸರು ಬಂದದ್ದು ಅರಸನದು, ಗಾವುಂಡನದು, ಸೆಟ್ಟಿಯದು, ದಾನ ಪಡೆದ ಬ್ರಾಹ್ಮಣನದು. ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ಏರಿ ಎತ್ತರಿಸಿದ ವಡ್ಡರ ಹೆಸರಾಗಲಿ, ಮಳೆಗಾಲದ ನಡುರಾತ್ರಿ ತೂಬಿನ ಬಳಿ ಕುಳಿತು ನೀರಿನ ಮಟ್ಟ ನೋಡುತ್ತಿದ್ದ ನೀರುಗಂಟಿಯ ಹೆಸರಾಗಲಿ ಯಾವ ಕಲ್ಲಿನಲ್ಲೂ ಸುಲಭವಾಗಿ ಸಿಗುವುದಿಲ್ಲ. ನೀರುಗಂಟಿಕೆ ಬಹುಪಾಲು ದಲಿತ ಕುಟುಂಬಗಳಿಗೆ ಹುಟ್ಟಿನಿಂದ ಅಂಟಿದ ಕೆಲಸವಾಗಿತ್ತು. ಸಂಬಳವೆಂದರೆ ಸುಗ್ಗಿಯಲ್ಲಿ ರೈತರು ಕಣದಲ್ಲಿ ಅಳೆದುಕೊಡುವ ಆಯ, ಕೆಲವೆಡೆ ಒಂದಿಷ್ಟು ಇನಾಮು ಭೂಮಿ. ಯಾವ ಗದ್ದೆಗೆ ಯಾವ ಸರದಿಯಲ್ಲಿ ಎಷ್ಟು ಹೊತ್ತು ನೀರು ಬಿಡಬೇಕೆಂಬುದು ಆ ಮನುಷ್ಯನಿಗೆ ಬಾಯಿಪಾಠವಾಗಿತ್ತು. ತಾನು ಹಂಚುವ ನೀರಿನಲ್ಲಿ ಅವನಿಗೆ ಹಕ್ಕು ಮಾತ್ರ ಇರಲಿಲ್ಲ. ಕರ್ನಾಟಕ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ, 1961 ವಂಶಪಾರಂಪರ್ಯವಾಗಿ ಬಂದ ಇಂಥ ಹುದ್ದೆಗಳನ್ನೆಲ್ಲ ತೆಗೆದುಹಾಕಿತು. ಅದು ಆಗಬೇಕಾದದ್ದೇ. ಹುದ್ದೆ ಹೋಯಿತು, ಆದರೆ ಕೆಲಸ ಉಳಿಯಿತು. ಅದನ್ನು ಗೌರವದಿಂದ, ಸರಿಯಾದ ಸಂಬಳಕ್ಕೆ ಮಾಡುವ ಹೊಸ ಹುದ್ದೆ ಮಾತ್ರ ಅದೇ ಪ್ರಮಾಣದಲ್ಲಿ ಹುಟ್ಟಲಿಲ್ಲ.

ಆ ಖಾಲಿ ಜಾಗವನ್ನು ತುಂಬಲು ನಡೆದ ದೊಡ್ಡ ಪ್ರಯತ್ನ ಜಲಸಂವರ್ಧನೆ ಯೋಜನಾ ಸಂಘದ್ದು. ವಿಶ್ವಬ್ಯಾಂಕ್ ನೆರವಿನಿಂದ 2002ರಲ್ಲಿ ಶುರುವಾದ ಆ ಯೋಜನೆ, ರಾಜ್ಯದ 36 ಸಾವಿರಕ್ಕೂ ಹೆಚ್ಚು ಕೆರೆಗಳ ಪೈಕಿ ಆಯ್ದವುಗಳಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿಸಿ, ಹೂಳೆತ್ತಿಸಿ, ಮೀನು ಮತ್ತು ಮರಗಳ ಆದಾಯದಿಂದ ಸಂಘಗಳೇ ಕೆರೆಯನ್ನು ನೋಡಿಕೊಳ್ಳಲಿ ಎಂದು ಬಯಸಿತು. ಆಲೋಚನೆ ಚೆನ್ನಾಗಿತ್ತು. ಯೋಜನೆಯ ಹಣ ಮುಗಿದ ಮೇಲೆ ಅನೇಕ ಸಂಘಗಳು ಕಾಗದದ ಮೇಲಷ್ಟೇ ಉಳಿದವು. 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆಗಳು ಪಂಚಾಯತಿಗಳಿಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಎಂಬ ಹಂಚಿಕೆ ಇರುವುದರಿಂದ ಕೆರೆ ಯಾರದೆಂಬುದು ಕಡತದಲ್ಲಿ ಸ್ಪಷ್ಟವಾಗಿದೆ. ಮೀನು ಹರಾಜಿನ ಹಣ ಎಲ್ಲಿಗೆ ಹೋಗಬೇಕು, ಏರಿಯ ಮೇಲಿನ ಜಾಲಿ ಕಡಿಯಲು ಯಾರ ಅಪ್ಪಣೆ ಬೇಕು ಎಂಬುದು ಊರಿನಲ್ಲಿ ಸ್ಪಷ್ಟವಿಲ್ಲ. ಪ್ರಶಸ್ತಿಗಳಿಗೆ ಹೆಸರು ಹುಡುಕುವ ಸರ್ಕಾರ ನೋಡಬೇಕಾದದ್ದು ಈ ಗೊಂದಲದ ನಡುವೆಯೂ ಕೆಲಸ ನಿಲ್ಲಿಸದ ಸಂಘಗಳನ್ನು. ಅವು ಅಪರೂಪ, ಇಲ್ಲವೆನ್ನುವಷ್ಟಲ್ಲ. ಆದರೆ ಹತ್ತು ಜನರ ಸಮಿತಿಗೆ ಶಾಲು ಹೊದಿಸುವುದಕ್ಕಿಂತ ಒಬ್ಬ ಅಜ್ಜನಿಗೆ ಮೈಸೂರು ಪೇಟ ತೊಡಿಸಿದರೆ ಫೋಟೊ ಚೆನ್ನಾಗಿ ಬರುತ್ತದೆ.

ಒಬ್ಬಂಟಿ ಸಾಹಸಿಯ ಕಥೆಗೆ ನಾವು ಕೊಡುವ ಈ ಒಲವಿನಿಂದ ಬೇರೆ ಬೇರೆ ಬಗೆಯ ಕೆಲಸಗಳು ಒಂದೇ ಹೆಸರಿನಡಿ ಕಲಸಿಹೋಗುತ್ತವೆ. ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಮಹಾಲಿಂಗ ನಾಯ್ಕರು ಅಡಿಕೆ ತೋಟಗಳಲ್ಲಿ ಕೂಲಿ ಮಾಡುತ್ತಿದ್ದವರು. ಜಮೀನ್ದಾರರೊಬ್ಬರು ಕೊಟ್ಟ ಎರಡು ಎಕರೆಯಷ್ಟು ಗುಡ್ಡದ ಇಳಿಜಾರಿನಲ್ಲಿ, ಹಗಲು ದುಡಿದು ಬಂದು, ರಾತ್ರಿ ದೀಪದ ಬೆಳಕಿನಲ್ಲಿ ಸುರಂಗ ಕೊರೆದರು. ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ಸುರಂಗ ಎಂದರೆ ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲದ, ಅಡ್ಡಲಾಗಿ ಗುಡ್ಡದ ಹೊಟ್ಟೆಗೆ ಹೋಗುವ ಬಿಲ. ಒಸರು ಸಿಕ್ಕರೆ ಪಂಪು, ಕರೆಂಟು ಯಾವುದೂ ಇಲ್ಲದೆ ನೀರು ತಾನಾಗಿ ಹೊರಗೆ ಹರಿದುಬರುತ್ತದೆ. ಒಳಗೆ ಹೋದಂತೆ ಗಾಳಿ ಕಡಿಮೆಯಾಗುತ್ತದೆ, ಅಗೆದ ಮಣ್ಣನ್ನು ತಲೆಯ ಮೇಲೆ ಹೊತ್ತು ಹಿಂದಕ್ಕೆ ಬರಬೇಕು, ನೀರು ಸಿಗುತ್ತದೆಂಬ ಖಾತರಿ ಇಲ್ಲ. ನಾಯ್ಕರ ಮೊದಲ ಸುರಂಗಗಳು ಒಂದರ ಹಿಂದೊಂದು ಬರಿದೇ ಆದವು. ಕೊನೆಗೆ ನೀರು ಕಂಡು, ಬೋಳುಗುಡ್ಡದಲ್ಲಿ ಅಡಿಕೆ, ತೆಂಗು ಎದ್ದುನಿಂತವು. ಇದು ಅಸಾಧಾರಣ ಛಲ. ಆದರೆ ಇದು ತನ್ನ ಹೊಲಕ್ಕೆ ತಾನು ದುಡಿದು ತಂದ ನೀರು. ಭೂಮಿಯಿಲ್ಲದ ಕೂಲಿಯೊಬ್ಬ ಸ್ವಾವಲಂಬಿಯಾದ ಕಥೆ. ಪದ್ಮಶ್ರೀಯ ವರ್ಗೀಕರಣವೂ ಅವರನ್ನು ಕೃಷಿಯ ಅಡಿಯಲ್ಲೇ ಇಟ್ಟಿತು. ಅದನ್ನು ಸಮುದಾಯದ ಜಲನಿರ್ವಹಣೆ ಎಂದು ಕರೆದರೆ ಅವರ ಸಾಧನೆಗೂ ನ್ಯಾಯವಿಲ್ಲ, ಸಮುದಾಯ ನಿರ್ವಹಣೆಯೆಂಬ ಕಷ್ಟದ ಕೆಲಸಕ್ಕೂ ನ್ಯಾಯವಿಲ್ಲ. ಗುಡ್ಡ ಅಗೆಯುವುದು ಒಂದು ಬಗೆಯ ಕಷ್ಟ. ಜಾತಿ, ದಾಯಾದಿ, ಪಕ್ಷಗಳಲ್ಲಿ ಒಡೆದ ಊರಿನಲ್ಲಿ ನೀರಿನ ಸರದಿಯನ್ನು ಎಲ್ಲರೂ ಒಪ್ಪುವಂತೆ ಮಾಡುವುದು ಇನ್ನೊಂದು.

ಪ್ರಶಸ್ತಿಯೇ ಹೊರೆಯಾದದ್ದೂ ಉಂಟು. ಒಡಿಶಾದ ಕಿಯೋಂಝರ್ ಜಿಲ್ಲೆಯ ಆದಿವಾಸಿ ದೈತಾರಿ ನಾಯಕ್ ಗೋನಾಸಿಕಾ ಬೆಟ್ಟದಿಂದ ತಮ್ಮ ಊರಿನ ಹೊಲಗಳಿಗೆ ಗುದ್ದಲಿಯಿಂದಲೇ ಕಾಲುವೆ ತೋಡಿದವರು. 2019ರಲ್ಲಿ ಪದ್ಮಶ್ರೀ ಬಂದ ಕೆಲವೇ ತಿಂಗಳಲ್ಲಿ, ಅದನ್ನು ವಾಪಸು ಕೊಡುತ್ತೇನೆ ಎಂದರು. ಇಷ್ಟು ದೊಡ್ಡ ಮನುಷ್ಯನನ್ನು ಕೂಲಿಗೆ ಕರೆಯುವುದು ಹೇಗೆಂದು ಜನ ಕೆಲಸ ಕೊಡುವುದನ್ನೇ ನಿಲ್ಲಿಸಿದ್ದರು. ಪದ್ಮ ಪ್ರಶಸ್ತಿಯೊಂದಿಗೆ ನಗದು ಇರುವುದಿಲ್ಲ; ಉದ್ಯಮಿಗೋ ಕಲಾವಿದನಿಗೋ ಅದು ಲೆಕ್ಕಕ್ಕೆ ಬರುವ ಸಂಗತಿಯಲ್ಲ. ದಿನಗೂಲಿಯವನಿಗೆ ಪದಕ ಬಂದು ಕೂಲಿ ಹೋದರೆ ಒಲೆ ಉರಿಯುವುದು ಹೇಗೆ? ಕಟ್ಟುಗೊಡಗೆ ಬರೆಸಿದ ಹಳೆಯ ಕರಣಿಕನಿಗೆ ಈ ತಪ್ಪು ಥಟ್ಟನೆ ಹೊಳೆಯುತ್ತಿತ್ತು.

ರಾಜಸ್ಥಾನದ ಅಲ್ವರ್ ಜಿಲ್ಲೆಯ ಅನುಭವ ಇನ್ನೂ ಆಳಕ್ಕೆ ಕರೆದೊಯ್ಯುತ್ತದೆ. ರಾಜೇಂದ್ರ ಸಿಂಗ್ ಮತ್ತು ತರುಣ ಭಾರತ ಸಂಘದ ಗೆಳೆಯರು 1985ರಲ್ಲಿ ಅಲ್ಲಿಗೆ ಹೋದದ್ದು ಶಾಲೆ, ಔಷಧಿ ಎಂದುಕೊಂಡು. ಗೋಪಾಲಪುರದ ಹಿರಿಯ ರೈತನೊಬ್ಬ, ಅದೆಲ್ಲ ಆಮೇಲೆ, ಮೊದಲು ನೀರು ಎಂದು ಅವರ ಕೈಗೆ ಗುದ್ದಲಿ ಹಿಡಿಸಿದ. ಹಳೆಯ ಜೋಹಡ್‌ಗಳ, ಅಂದರೆ ಮಳೆನೀರು ತಡೆಯುವ ಮಣ್ಣಿನ ಒಡ್ಡುಗಳ, ಹೂಳೆತ್ತಿದಂತೆ ಬಾವಿಗಳಿಗೆ ನೀರು ಬಂತು. ಮಳೆಗಾಲದಲ್ಲಷ್ಟೇ ಹರಿಯುತ್ತಿದ್ದ ಅರ್ವರಿ ನದಿ ವರ್ಷವಿಡೀ ಹರಿಯತೊಡಗಿತು. ಆಗ ಸರ್ಕಾರಕ್ಕೆ ನದಿಯ ನೆನಪಾಯಿತು. ಮೀನುಗಾರಿಕೆಯ ಗುತ್ತಿಗೆಯನ್ನು ಹೊರಗಿನವರಿಗೆ ಕೊಟ್ಟಿತು. ನದಿಗೆ ಜೀವ ತಂದವರು ನಾವು, ಮೀನು ಮಾರುವ ಹಕ್ಕು ನಿಮ್ಮದು ಹೇಗೆ ಎಂದು ಹಳ್ಳಿಗಳು ತಿರುಗಿಬಿದ್ದವು. ಆ ಜಗಳದ ಫಲವಾಗಿ 1999ರಲ್ಲಿ ಸುಮಾರು 70 ಹಳ್ಳಿಗಳ ‘ಅರ್ವರಿ ಸಂಸತ್ತು’ ಹುಟ್ಟಿತು. ಕಬ್ಬು, ಭತ್ತ ಬೆಳೆಯಬಾರದು, ಕೊಳವೆಬಾವಿ ಕೊರೆಯಬಾರದು ಎಂಬಂಥ ಕಟ್ಟಳೆಗಳನ್ನು ಅದು ತಾನೇ ಹಾಕಿಕೊಂಡಿತು. ಕಾನೂನಿನ ಮಾನ್ಯತೆ ಅದಕ್ಕಿರಲಿಲ್ಲ, ಜನರ ಮಾನ್ಯತೆ ಇತ್ತು.

2000ದ ಮಾರ್ಚಿನಲ್ಲಿ ಅಂದಿನ ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಆ ಪ್ರದೇಶದ ಹಮೀರಪುರಕ್ಕೇ ಹೋಗಿ, ಭಾಂವತಾ-ಕೋಲ್ಯಾಲಾ ಎಂಬ ಅವಳಿ ಹಳ್ಳಿಗೆ ಪರಿಸರ ಪ್ರಶಸ್ತಿಯನ್ನು ಪ್ರದಾನ ಮಾಡಿದರು. ಪ್ರಶಸ್ತಿ ಸಂದದ್ದು ಊರಿಗೆ. ಕೊಡುವವರು ಪಡೆಯುವವರ ಬಳಿ ಹೋದರು. ನನ್ನ ಮಟ್ಟಿಗೆ ಭಾರತದಲ್ಲಿ ನೀರಿನ ಕೆಲಸಕ್ಕೆ ಸಂದ ಅತ್ಯಂತ ಸರಿಯಾದ ಗೌರವ ಅದು. ಮರುವರ್ಷವೇ ಅದೇ ಜಿಲ್ಲೆಯ ಲಾವಾ ಕಾ ಬಾಸ್‌ನಲ್ಲಿ ಹಳ್ಳಿಗರು ಕಟ್ಟಿಕೊಂಡ ಒಡ್ಡನ್ನು ರಾಜ್ಯದ ನೀರಾವರಿ ಇಲಾಖೆ ಅಕ್ರಮ, ಅಸುರಕ್ಷಿತ ಎಂದು ಕೆಡವಲು ಹೊರಟಿತು. ರಾಜೇಂದ್ರ ಸಿಂಗ್‌ರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದೂ ಆ 2001ರಲ್ಲೇ. 2015ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿಯೂ ಬಂತು. ಹಳ್ಳಿಗರು ಕಟ್ಟಿದ ಒಡ್ಡಿಗೆ ಕಾನೂನಿನಲ್ಲಿ ಜಾಗವೇ ಇಲ್ಲದಿದ್ದರೆ ನಾಯಕನಿಗೆ ಬಂದ ಜಾಗತಿಕ ಮನ್ನಣೆಯೂ ಇಲಾಖೆಯ ನೋಟಿಸಿನ ಎದುರು ಕೆಲಸಕ್ಕೆ ಬಾರದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಕೇಂದ್ರ ಸರ್ಕಾರ 2018ರ ಸಾಲಿನಿಂದ ಕೊಡುತ್ತಿರುವ ರಾಷ್ಟ್ರೀಯ ಜಲ ಪ್ರಶಸ್ತಿಗಳಲ್ಲಿ ರಾಜ್ಯ, ಜಿಲ್ಲೆ, ಗ್ರಾಮ ಪಂಚಾಯತಿ, ಶಾಲೆ, ನೀರು ಬಳಕೆದಾರರ ಸಂಘ ಮೊದಲಾದ ವಿಭಾಗಗಳಿವೆ. ಸಂಸ್ಥೆಗಳನ್ನು ಗುರುತಿಸುವ ಈ ಕ್ರಮ ಸರಿಯಾದ ದಿಕ್ಕಿನ ಹೆಜ್ಜೆ. ತೊಂದರೆ ಇರುವುದು ಅಳತೆಯಲ್ಲಿ. ಆಡಳಿತಕ್ಕೆ ಎಣಿಸಲು ಸುಲಭವಾದದ್ದು ರಚನೆಗಳ ಸಂಖ್ಯೆ: ಇಷ್ಟು ಇಂಗುಗುಂಡಿ, ಇಷ್ಟು ಚೆಕ್‌ಡ್ಯಾಂ. 2022ರ ಅಮೃತ ಸರೋವರ ಅಭಿಯಾನವೂ ಪ್ರತಿ ಜಿಲ್ಲೆಗೆ 75 ಕೆರೆ ಎಂಬ ಗುರಿಯಿಂದಲೇ ಹೊರಟಿತು. ಇದಕ್ಕೆ ಪ್ರತಿಯಾಗಿ ಪೋಪಟರಾವ್ ಪವಾರರ ಹಿವರೇ ಬಾಜಾರ್‌ನಲ್ಲಿ ನಡೆಯುವುದನ್ನು ನೋಡಿ: ಆ ವರ್ಷ ಬಿದ್ದ ಮಳೆಯನ್ನು ಲೆಕ್ಕಹಾಕಿ, ಕುಡಿಯಲು, ದನಕರುಗಳಿಗೆ ಎಂದು ಮೊದಲು ತೆಗೆದಿಟ್ಟು, ಉಳಿದ ನೀರಿಗೆ ತಕ್ಕಂತೆ ಏನು ಬೆಳೆಯಬೇಕೆಂದು ಗ್ರಾಮಸಭೆ ತೀರ್ಮಾನಿಸುತ್ತದೆ; ನೀರಾವರಿಗೆ ಕೊಳವೆಬಾವಿ ಕೊರೆಯುವಂತಿಲ್ಲ. ಅಲ್ಲಿಯ ನಿಜವಾದ ಸಾಧನೆ ಒಡ್ಡುಗಳಲ್ಲ, ನೀರಿದ್ದರೂ ಕಬ್ಬು ನೆಡದಿರುವ ಸಂಯಮ. ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲು ಬರುವಂಥದ್ದಲ್ಲ ಅದು. ನೀರು ಇಂಗಿಸಿದವರಿಗೆ ಪ್ರಶಸ್ತಿ ಇದೆ. ನೀರೆತ್ತುವುದನ್ನು ಕಡಿಮೆ ಮಾಡಿದವರನ್ನು ಹುಡುಕಿ ಗುರುತಿಸುವ ಪರಿಪಾಠ ಇನ್ನೂ ಬೆಳೆದಿಲ್ಲ.

ನೀರೆತ್ತುವುದನ್ನು ಪ್ರಶ್ನಿಸಿದವರ ಪಾಡಂತೂ ಹೇಳುವುದೇ ಬೇಡ. ಕೇರಳದ ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡದಲ್ಲಿ ತಂಪುಪಾನೀಯದ ಕಾರ್ಖಾನೆ ಬಂದ ಮೇಲೆ ಬಾವಿಗಳ ನೀರು ಕೆಟ್ಟಿತೆಂದು 2002ರಲ್ಲಿ ಧರಣಿ ಕೂತವರ ಮುಂಚೂಣಿಯಲ್ಲಿದ್ದವರು ಮಯಿಲಮ್ಮ ಎಂಬ ಆದಿವಾಸಿ ಮಹಿಳೆ. 2004ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2007ರಲ್ಲಿ ಮಯಿಲಮ್ಮ ತೀರಿಕೊಂಡರು. ಪದ್ಮ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಗಂಗೆಯ ಸಹಜ ಹರಿವಿಗಾಗಿ ಉಪವಾಸ ಕೂತ ಐಐಟಿಯ ನಿವೃತ್ತ ಪ್ರಾಧ್ಯಾಪಕ ಜಿ. ಡಿ. ಅಗರವಾಲ್ 111 ದಿನಗಳ ನಂತರ, 2018ರ ಅಕ್ಟೋಬರಿನಲ್ಲಿ ಪ್ರಾಣ ಬಿಟ್ಟರು. ಗುದ್ದಲಿ ಹಿಡಿದವರನ್ನು ಸರ್ಕಾರ ಮೆಚ್ಚುತ್ತದೆ, ಅರ್ಜಿ ಹಿಡಿದವರನ್ನು ದೂರವಿಡುತ್ತದೆ. ಆದರೆ ಒಂದು ಕೆರೆ ಉಳಿಯಲು ಎರಡೂ ಬೇಕು. ಬೆಂಗಳೂರಿನ ಕೆರೆಗಳಲ್ಲಿ ಇಂದು ಅಷ್ಟಿಷ್ಟು ಉಳಿದಿದ್ದರೆ ಅದರಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದ ನಾಗರಿಕರ ಪಾಲು ದೊಡ್ಡದು.

ಕರ್ನಾಟಕದಲ್ಲೇ ಈ ಇಬ್ಬಗೆ ಎದ್ದು ಕಾಣುತ್ತದೆ. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. 2024ರ ಬೇಸಿಗೆಯಲ್ಲಿ ರಾಜಧಾನಿಯ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಜನ ಸಾಲುಗಟ್ಟಿದರು. ಆಮೇಲೆ 2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ್ದು, ಕೆರೆಗಳ ಸುತ್ತ ಏಕರೂಪವಾಗಿ 30 ಮೀಟರ್ ಬಿಡಬೇಕೆಂಬ ನಿಯಮದ ಬದಲು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಆ ಅಂಚನ್ನು ಕಿರಿದುಗೊಳಿಸುವ ತಿದ್ದುಪಡಿ ಮಸೂದೆಯನ್ನು. ಸಣ್ಣ ಕೆರೆಗೆ ಸಣ್ಣ ಅಂಚು ಸಾಕೆಂಬ ವಾದ ಕೇಳಲು ಸಮಂಜಸವಾಗಿದೆ, ಆದರೆ ಕೆರೆಯ ಜೀವ ಇರುವುದು ಅದರ ಅಂಗಳದಲ್ಲಿ ಮಾತ್ರವಲ್ಲ, ಅದಕ್ಕೆ ನೀರು ತರುವ ಹಳ್ಳ ಮತ್ತು ರಾಜಕಾಲುವೆಗಳಲ್ಲಿ. ಕೆರೆ ಕಟ್ಟಿದವರಿಗೆ ಪೇಟ ತೊಡಿಸುವ ಸರ್ಕಾರವೇ ಕೆರೆಯ ಅಂಚನ್ನು ಕತ್ತರಿಸಲು ಹೊರಟಾಗ, ಯಾವುದನ್ನು ಅದರ ನಿಜವಾದ ಅಭಿಪ್ರಾಯವೆಂದು ತಿಳಿಯಬೇಕು?

ಹಾಗಾದರೆ ಪ್ರಶಸ್ತಿ ಬೇಡವೇ? ಬೇಕು. ಇಳಿವಯಸ್ಸಿನಲ್ಲಿ ಬರುವ ಒಂದು ಮನ್ನಣೆ ಜೀವಮಾನದ ಕುಹಕವನ್ನು ಮರೆಸುತ್ತದೆ. ಹುಚ್ಚನೆಂದು ಕರೆದವರೇ ಹಾರ ಹಾಕಲು ಬರುವುದು ಸಣ್ಣ ನ್ಯಾಯವಲ್ಲ. ಬಡವರಾದ ಪುರಸ್ಕೃತರಿಗೆ ತಿಂಗಳ ಗೌರವಧನ ಹಕ್ಕಿನಂತೆ ಬರಬೇಕು, ಅರ್ಜಿ ಹಿಡಿದು ಅಲೆಯುವಂತಾಗಬಾರದು. ಅದರ ಜೊತೆಗೆ ಪ್ರಶಸ್ತಿಯ ಒಂದು ಭಾಗ ಆ ಜಲಮೂಲಕ್ಕೆ ಕಟ್ಟಿಟ್ಟ ನಿಧಿಯಾಗಬೇಕು; ಅದರ ಬಡ್ಡಿಯಿಂದ ಊರಿನ ಸಂಘ ನೀರುಗಂಟಿಯೊಬ್ಬರನ್ನು, ಯಾವ ಜಾತಿಯವರೇ ಆಗಲಿ, ಹೆಣ್ಣಾಗಲಿ ಗಂಡಾಗಲಿ, ಸಂಬಳಕ್ಕೆ ಇಟ್ಟುಕೊಳ್ಳಬೇಕು. ಪ್ರಶಸ್ತಿ ಘೋಷಣೆಯಾದ ವರ್ಷದೊಳಗೆ ಕಂದಾಯ ಇಲಾಖೆ ಆ ಕೆರೆಯನ್ನೂ ಅದರ ಕಾಲುವೆಗಳನ್ನೂ ಅಳೆದು ಗಡಿಕಲ್ಲು ನೆಡಬೇಕು. ಮೀನು, ಹೂಳು, ಹುಲ್ಲಿನ ಆದಾಯ ಪಂಚಾಯತಿಯ ಸಾಮಾನ್ಯ ಖಾತೆಯಲ್ಲಿ ಕರಗದೆ ಕೆರೆಗೇ ಮರಳಬೇಕು. ಇದಕ್ಕೆಲ್ಲ ಹೊಸ ಇಲಾಖೆ ಬೇಕಿಲ್ಲ. 73ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಹನ್ನೊಂದನೆಯ ಅನುಸೂಚಿ ಸಣ್ಣ ನೀರಾವರಿ, ಜಲನಿರ್ವಹಣೆಗಳನ್ನು ಪಂಚಾಯತಿಗಳ ಪಟ್ಟಿಯಲ್ಲಿ ಎಂದೋ ಇಟ್ಟಿದೆ.

ಸದ್ಯಕ್ಕೆ ಅಷ್ಟು ಆಗದಿದ್ದರೆ, ನಾಮನಿರ್ದೇಶನದ ನಮೂನೆಯನ್ನಾದರೂ ಬದಲಿಸಬಹುದು. ಪದ್ಮ ಪ್ರಶಸ್ತಿಗೆ ಈಗ ಯಾರು ಬೇಕಾದರೂ ಆನ್‌ಲೈನಿನಲ್ಲಿ ಹೆಸರು ಸೂಚಿಸಬಹುದು; ಆ ವ್ಯಕ್ತಿಯ ಸಾಧನೆಯನ್ನು 800 ಪದಗಳ ಒಳಗೆ ಬರೆಯಬೇಕು. ನೀರಿನ ಕೆಲಸಕ್ಕೆಂದು ಹೆಸರು ಸೂಚಿಸುವಾಗ ಇನ್ನು ಮೂರು ಪ್ರಶ್ನೆಗಳನ್ನು ಅಲ್ಲಿ ಸೇರಿಸಿದರೆ ಸಾಕು: ಆ ಕೆರೆ ಯಾವ ಸರ್ವೆ ನಂಬರಿನಲ್ಲಿದೆ, ಕಳೆದ ಸಲ ಅದರ ಹೂಳೆತ್ತಿದವರು ಯಾರು, ಈ ವ್ಯಕ್ತಿಯ ನಂತರ ಅದರ ತೂಬಿನ ಕೀಲಿ ಯಾರ ಕೈಯಲ್ಲಿರುತ್ತದೆ.